ಒಳಗಿನ ಮೇಡಂಗೆ ಐದು ಸ್ಟಾರ್, ವೆಯ್ಟಿಂಗ್ ಹಾಲ್‌ಗೆ ಒಂದೂ ಕೊಡಲ್ಲ

ಶಿವಮೊಗ್ಗದಲ್ಲಿ ಕೌನ್ಸೆಲಿಂಗ್‌ಗೆ ಎಲ್ಲಿ ಹೋಗೋದು ಅಂತ ತೀರ್ಥಹಳ್ಳಿ ಕಡೆಯೋರು ನನ್ನ ಕೇಳ್ತಾನೇ ಇರ್ತಾರೆ, ಎಲ್ರಿಗೂ ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದ್ಕೆ ಇಲ್ಲೇ ಬರೆದು ಹಾಕ್ತಿದೀನಿ. ಕ್ಲಿನಿಕ್ ಇರೋದು ಎರಡನೇ ಮಹಡಿಲಿ, ಲಿಫ್ಟ್ ಇಲ್ಲ, ಕೆಳಗೆ ಗಾಡಿ ನಿಲ್ಸೋಕೆ ಜಾಗನೂ ಇಲ್ಲ. ಔಷಧಿ ಬರೆಯೋ ಸೈಕಿಯಾಟ್ರಿಸ್ಟು, ಕೂತು ಮಾತಾಡ್ಸೋ ಸೈಕಾಲಜಿಸ್ಟ್ ಮೇಡಂ ಇಬ್ರೂ ಒಂದೇ ಕಡೆ ಸಿಗ್ತಾರೆ, ನಮ್ಮಂಥ ಬಸ್ಸಿಗೆ ಓಡಾಡೋರಿಗೆ ಇದೇ ದೊಡ್ಡ ಅನುಕೂಲ. ಕೆಲವ್ರು ಮಣಿಪಾಲಕ್ಕೆ ಹೋಗಿ ಅಂದಿದ್ರು, ಆದ್ರೆ ಆಗುಂಬೆ ಘಾಟಿಯ 14 ತಿರುವಲ್ಲಿ ನಮ್ಮನೆಯವ್ರ ಕೈಗೆ ಸ್ಟೇರಿಂಗ್ ಕೊಡೋ ಧೈರ್ಯ ಆಗ ನನಗಿರ್ಲಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ನಾವು ಹೋಗಿದ್ದು ಪಿಟಿಎಸ್‌ಡಿಗೆ, ಅಂದ್ರೆ ದೊಡ್ಡ ಆಘಾತ ಆದ್ಮೇಲೆ ಮನಸ್ಸಿಗೆ ಬರೋ ಕಾಯಿಲೆಗೆ. ಅಡಿಕೆ ಕೊನೆ ಕೊಯ್ಲಿನ ಟೈಮಲ್ಲಿ ನಮ್ಮ ತೋಟದಲ್ಲೇ ಅಲ್ಯೂಮಿನಿಯಂ ದೋಟಿ (ಕೊನೆ ಕೊಯ್ಯೋ ಉದ್ದ ಕೋಲು) ಮೇಲಿನ ಕರೆಂಟ್ ಲೈನಿಗೆ ತಾಗಿ, ವರ್ಷಗಟ್ಲೆ ನಮ್ಮಲ್ಲಿಗೇ ಕೊನೆ ಕೊಯ್ಯೋಕೆ ಬರ್ತಿದ್ದ ಕೊನೆಗೌಡ ಹೋಗ್ಬಿಟ್ಟ. ನಮ್ಮನೆಯವ್ರು ಒಂದು ಮರ ಆಚೆ ಹಗ್ಗ ಹಿಡ್ಕೊಂಡು ನಿಂತಿದ್ರು. ಅವ್ರ ಮೈಗೆ ಒಂದು ಗೀರೂ ಆಗಿರ್ಲಿಲ್ಲ, ಅದ್ಕೇ ಊರೋರಿಗೆ ಯಾರಿಗೂ ಅರ್ಥ ಆಗ್ಲಿಲ್ಲ, ನಿಂಗೆಂತ ಆಗಿದೆ ಮಾರಾಯ, ಏಳು ಎದ್ದು ತೋಟಕ್ಕೆ ಹೋಗು ಅನ್ನೋರೇ ಎಲ್ಲ. ಮೇಡಂ ಹೇಳಿದ ಮೇಲೆ ಗೊತ್ತಾಗಿದ್ದು, ಕಣ್ಣೆದುರಿಗೆ ಬೇರೆಯವ್ರಿಗೆ ಆಗಿದ್ದನ್ನ ನೋಡಿದ್ರೂ ಇದು ಬರುತ್ತೆ, ಯುದ್ಧಕ್ಕೆ ಹೋಗಿ ಬಂದ ಸೈನಿಕರಿಗೆ ಮಾತ್ರ ಅಲ್ಲ. ಇದನ್ನ ಡಾಕ್ಟರುಗಳು ಕಾಯಿಲೆ ಅಂತ ಈ ಹೆಸರಲ್ಲಿ ಪುಸ್ತಕಕ್ಕೆ ಸೇರ್ಸಿದ್ದೇ 1980ರಲ್ಲಂತೆ. ಮೊದಮೊದಲು ಎಲ್ರಿಗೂ ನಿದ್ದೆ ಕೆಡುತ್ತೆ, ಬೆಚ್ಚಿ ಬೀಳೋದು ಇರುತ್ತೆ, ಒಂದು ತಿಂಗಳು ಕಳೆದ್ರೂ ಇಳೀದೆ ಕೆಲಸ, ಮನೆ ಎಲ್ಲಾ ಹಾಳು ಮಾಡೋಕೆ ಶುರುವಾದ್ರೆ ಆಗ ಪಿಟಿಎಸ್‌ಡಿ ಅಂತ ನೋಡ್ತಾರೆ. ನಾವು ಪ್ರಶ್ನೆ ಇಡ್ಸಿ, ದಾರ ಕಟ್ಸಿ ಎಲ್ಲಾ ಮುಗಿಸಿ ಬಂದೋರು. ಅದನ್ನ ಹೇಳಿದ್ರೆ ಮೇಡಂ ನಗ್ಲೂ ಇಲ್ಲ, ಬೈಲೂ ಇಲ್ಲ, ದಾರ ಇರ್ಲಿ ಬಿಡಿ ಅಂದ್ರು. ಅಲ್ಲಿಗೇ ಅರ್ಧ ನಂಬಿಕೆ ಬಂತು ನಂಗೆ.

ಈಗ ಐದು ಸ್ಟಾರ್ ಎಂತಕ್ಕೆ ಅಂತ. ಫಸ್ಟ್ ಸೆಷನ್ನಲ್ಲಿ ಮೇಡಂ ಆ ದಿನದ ಕತೆ ಕೇಳ್ಲೇ ಇಲ್ಲ. ಕೇಳಿದ್ದು ನಮ್ಮನೆ ಹೆಂಗಿದೆ ಅಂತ. ಕಳೆನಾಶಕ ಎಲ್ಲಿಡ್ತೀರಿ, ಮೈಲುತುತ್ತ ಎಲ್ಲಿದೆ, ಮನೇಲಿ ಕೋವಿ ಇದ್ಯಾ, ರಾತ್ರಿ ಯಾರ್ಯಾರು ಯಾವ ರೂಮಲ್ಲಿ ಮಲಗ್ತೀರಿ, ಬೈಕ್ ಯಾರು ಓಡ್ಸೋದು, ಬಚ್ಚಲು ಒಳಗಾ ಹೊರಗಾ, ಇವ್ರು ಮರ ಹತ್ತಾರಾ, ಕುಡಿಯೋದು ಮನೇಲಾ ಪೇಟೇಲಾ. ನಾನು ಇದೆಂತಾ ಜನಗಣತಿ ಮಾಡಕ್ಕೆ ಬಂದೋರ ಹಂಗೆ ಕೇಳ್ತಾರೆ ಅಂತ ಅನ್ಕೊಂಡೆ. ಆಮೇಲೆ ಒಂದೊಂದೂ ಎಂತಕ್ಕೆ ಅಂತ ಬಿಡಿಸಿ ಹೇಳಿದ್ರು. ಮನಸ್ಸು ರಿಪೇರಿಯಾಗಕ್ಕೆ ತಿಂಗಳುಗಟ್ಲೆ ಬೇಕು, ಅಲ್ಲೀವರೆಗೆ ಮನುಷ್ಯ ಬದುಕಿರ್ಬೇಕಲ್ಲ, ಮನೆಯವ್ರಿಗೂ ಪೆಟ್ಟಾಗ್ಬಾರ್ದಲ್ಲ, ಮೊದ್ಲು ಅದನ್ನ ಭದ್ರ ಮಾಡೋಣ ಅಂತ. ಬೇರೆ ಎಲ್ಲೂ ನಮಗೆ ಇದನ್ನ ಯಾರೂ ಕೇಳಿರ್ಲಿಲ್ಲ.

ಸಾಯ್ಬೇಕು ಅನ್ಸಿದ್ಯಾ ಅಂತ ನೇರವಾಗಿ ಕೇಳಿದ್ರು. ನನ್ನ ಹೊರಗೆ ಕಳ್ಸಿ ಅವ್ರನ್ನ ಮಾತ್ರ ಕೇಳಿ, ಅವ್ರು ಒಪ್ಪಿದ ಮೇಲೆ ನನ್ನ ಒಳಗೆ ಕರೆದ್ರು. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಂಗಾಗಲ್ವಾ ಅಂತ ನಂಗೆ ಭಯ ಇತ್ತು, ಹಂಗೆಲ್ಲ ಆಗಲ್ಲ, ಕೇಳಿದ್ರೆ ಹೆಚ್ಚಿನೋರಿಗೆ ಹಗುರ ಆಗುತ್ತೆ ಅಂತ ಹೇಳಿದ್ರು, ಆಗಿದ್ದೂ ಹಂಗೇ. ಈ ಕಾಯಿಲೆ ಇದ್ದೋರಿಗೆ ಆ ಯೋಚನೆ ಬರೋದು ಜಾಸ್ತಿ, ಕುಡಿತ ಸೇರಿದ್ರೆ ಇನ್ನೂ ಜಾಸ್ತಿ, ಆದ್ರೆ ಆ ತೀವ್ರ ಗಳಿಗೆ ಸುಮಾರು ಸಲ ಬಂದು ಹೋಗೋದು, ಆ ಹೊತ್ತಲ್ಲಿ ಕೈಗೆ ಏನೂ ಸಿಗದ ಹಂಗಿದ್ರೆ ಎಷ್ಟೋ ಜೀವ ಉಳಿಯುತ್ತೆ ಅಂತ. ನಮ್ಮ ಮಲೆನಾಡಲ್ಲಿ ಯಾವ ಮನೆ ಅಟ್ಟ ತೆಗೆದ್ರೂ ಒಂದಲ್ಲ ಒಂದು ವಿಷದ ಡಬ್ಬಿ ಇದ್ದೇ ಇರುತ್ತೆ, ಅದು ನಮ್ಮ ಕಣ್ಣಿಗೆ ಉಪ್ಪಿನಕಾಯಿ ಜಾಡಿ ಇದ್ದಷ್ಟೇ ಮಾಮೂಲಿ. ಈಗ ನಮ್ಮ ಮನೇಲಿ ಒಂದು ಹನಿ ಇಲ್ಲ. ಔಷಧಿ ಹೊಡೆಯೋ ಗುತ್ತಿಗೆಯೋರೇ ತಂದು, ಹೊಡೆದು, ಉಳಿದಿದ್ದನ್ನ ವಾಪಸ್ ತಗೊಂಡು ಹೋಗ್ತಾರೆ. ಕೋವಿ ಬಗ್ಗೆ ಮಾತ್ರ ಸ್ವಲ್ಪ ಜಗಳ ಆಯ್ತು, ಮಂಗ ಹಂದಿ ಕಾಟಕ್ಕೆ ಅಂತ ಅಪ್ಪನ ಕಾಲದಿಂದ ಲೈಸೆನ್ಸ್ ಇರೋದು, ಕೊಡಲ್ಲ ಅಂತ ಕೂತ್ರು. ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಒಪ್ಪಿಸ್ತೀರಲ್ಲ, ಇದೂ ಅಷ್ಟೇ, ಸ್ವಲ್ಪ ದಿನಕ್ಕೆ ಅಂತ ಮೇಡಂ ಅಂದ್ರು, ಮರ್ಯಾದೆ ಉಳೀತು, ಕೋವಿನೂ ಹೋಯ್ತು.

ಆಮೇಲೆ ಒಂದು ಹಾಳೆ ಮೇಲೆ ಅವ್ರ ಕೈಲೇ ಕನ್ನಡದಲ್ಲಿ ಬರೆಸಿದ್ರು: ತಲೆ ಕೆಡೋಕೆ ಶುರುವಾದಾಗ ನಂಗೆ ಹೆಂಗೆ ಗೊತ್ತಾಗುತ್ತೆ, ಆಗ ಒಬ್ನೇ ಎಂತ ಮಾಡ್ಬಹುದು, ಯಾರ ಹತ್ರ ಹೋಗಿ ಕೂರ್ಬಹುದು, ಯಾರಿಗೆ ಫೋನ್ ಮಾಡ್ಬೇಕು. ಕೊನೆ ಸಾಲಲ್ಲಿ ಮನಸ್ಸಿನ ಕಷ್ಟಕ್ಕೆ ಫೋನಲ್ಲೇ ಸಹಾಯ ಮಾಡೋ ಟೆಲಿ ಮಾನಸ್ ನಂಬರ್ 14416. ಸರ್ಕಾರದ್ದು, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ಹಿಂದೆ ನಿಮ್ಹಾನ್ಸ್ ಇದೆ, ದುಡ್ಡಿಲ್ಲ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಆ ಹಾಳೆ ಬೀರು ಬಾಗ್ಲ ಒಳಗೆ ಅಂಟ್ಸಿದೀವಿ, ನೆಂಟರು ಬಂದ್ರೆ ಕಾಣಲ್ಲ.

ರಾತ್ರಿ ವಿಷಯ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು. ಕೆಟ್ಟ ಕನಸು ಬಿದ್ದಾಗ ಇವ್ರು ಕೈಕಾಲು ಬಡೀತಿದ್ರು, ಒಂದಿನ ಮಗ ಪಾಪ ಅಪ್ಪ ಕೂಗ್ತಿದಾರೆ ಅಂತ ಹೋಗಿ ಭುಜ ಅಲ್ಲಾಡ್ಸಿದ, ಮೊಣಕೈ ಬೀಸಿ ಅವನ ತುಟಿ ಒಡೀತು, ಆಮೇಲೆ ಇವ್ರು ವಾರಗಟ್ಲೆ ಮಗನ ಮುಖ ನೋಡ್ಲಿಲ್ಲ. ಮೇಡಂ ಹೇಳಿದ್ದು ಇಷ್ಟೇ, ಮುಟ್ಬೇಡಿ, ಮೇಲೆ ಬಗ್ಗಬೇಡಿ, ಕಾಲಿನ ಕಡೆ ದೂರ ನಿಂತು ಲೈಟ್ ಹಾಕಿ ಹೆಸರು ಹಿಡಿದು ಕರೀರಿ, ಇದು ಮನೆ, ನೀವು ಮನೇಲಿದೀರಿ ಅಂತ ಹೇಳ್ತಾ ಇರಿ, ಪೂರ್ತಿ ಎಚ್ಚರ ಆದ್ಮೇಲೆ ಹತ್ರ ಹೋಗಿ. ತಲೆದಿಂಬಿನ ಪಕ್ಕ ಕತ್ತಿ ಇಟ್ಕೊಂಡು ಮಲಗ್ತಿದ್ರು, ಅದನ್ನ ಬಿಡ್ಸಿದ್ರು, ಬದಲಿಗೆ ಟಾರ್ಚು. ಸ್ವಲ್ಪ ದಿನ ಬೇರೆ ಬೇರೆ ಮಲಗಿದ್ರೂ ತಪ್ಪಿಲ್ಲ ಅಂದ್ರು, ಅತ್ತೆಗೆ ಅದು ಹಿಡಿಸ್ಲಿಲ್ಲ, ಬಿಡಿ ಆ ಕತೆ.

ಗಾಡಿ ವಿಷಯ. ನಿದ್ದೆ ಇಲ್ದೆ ಓಡ್ಸೋದು ಒಂದು ಅಪಾಯ, ಅದು ಎಲ್ರಿಗೂ ಗೊತ್ತು, ಆದ್ರೆ ಇವ್ರು ರೋಡ್ ಪಕ್ಕ ಟ್ರಾನ್ಸ್‌ಫಾರ್ಮರ್ ಕಂಡ್ರೆ ಸಡನ್ನಾಗಿ ರಾಂಗ್ ಸೈಡಿಗೆ ಎಳೀತಿದ್ರು, ಎದುರಿಗೆ ಬಸ್ ಬರ್ಲಿ ಲಾರಿ ಬರ್ಲಿ. ಕೆಲವು ಸಲ ಎರಡು ಕಿಲೋಮೀಟರ್ ಹೆಂಗೆ ಬಂದೆ ಅಂತನೇ ಅವ್ರಿಗೆ ನೆನಪಿರ್ತಿರ್ಲಿಲ್ಲ. ಆಗುಂಬೆ ಬೇಡ ಅಂದಿದ್ದು ಇದಕ್ಕೇ. ಮೇಡಂ ಲೈಸೆನ್ಸ್ ಕಿತ್ಕೊಳೋ ಹಂಗೆ ಮಾತಾಡ್ಲಿಲ್ಲ, ರಾತ್ರಿ ಬೇಡ, ಒಬ್ರೇ ಬೇಡ, ಹೊಸ ಮಾತ್ರೆ ಶುರು ಮಾಡಿದ ದಿನಗಳಲ್ಲಿ ಬೇಡವೇ ಬೇಡ, ತಲೆ ಎಲ್ಲೋ ಹೋಗ್ತಿದೆ ಅನ್ಸಿದ್ರೆ ಸೈಡಿಗೆ ಹಾಕಿ ಕಾಲು ನೆಲಕ್ಕೆ ಒತ್ತಿ ಸುತ್ತ ಕಾಣೋ ಐದು ವಸ್ತು ಹೆಸರು ಹೇಳಿ ಅಂತ ಕಲಿಸಿದ್ರು. ಮರ ಹತ್ತೋದು, ಬ್ರಷ್ ಕಟರ್, ಮೋಟರ್ ಗರಗಸ ಇವೂ ಅದೇ ಲಿಸ್ಟಲ್ಲಿ, ಬೆಚ್ಚಿ ಬೀಳೋ ಮನುಷ್ಯನ ಕೈಲಿ ತಿರುಗೋ ಬ್ಲೇಡ್ ಇರ್ಬಾರ್ದು. ಇಲ್ಲೊಂದು ಮಾತು ತೋಟದೋರಿಗೆಲ್ಲ ಹೇಳ್ಬೇಕು, ಇದು ಕ್ಲಿನಿಕ್ಕಿಗೆ ಸಂಬಂಧ ಇಲ್ಲ: ಕಾರ್ಬನ್ ಫೈಬರ್ ದೋಟಿ ಬಂದಿದೆ, ಅದಕ್ಕೆ ಕರೆಂಟ್ ಹೊಡೆಯಲ್ಲ ಅಂತ ಸುಮಾರು ಜನ ಅನ್ಕೊಂಡಿದಾರೆ, ಕಾರ್ಬನ್ನಲ್ಲೂ ಕರೆಂಟ್ ಹರಿಯುತ್ತೆ ಮಾರಾಯ್ರೆ, ಲೈನ್ ಹತ್ರ ಅದೂ ಬೇಡ, ಅಲ್ಯೂಮಿನಿಯಂ ಅಂತೂ ಬೇಡವೇ ಬೇಡ.

ಡಾಕ್ಟರ್ ವಿಷಯಕ್ಕೆ ಬರ್ತೀನಿ. ಅವ್ರು ಮಾತು ಕಮ್ಮಿ, ಆದ್ರೆ ಕೇಳಿದ್ದಕ್ಕೆ ಉತ್ತರ ಕೊಡ್ತಾರೆ. ಇಲ್ಲಿಗೆ ಬರೋ ಮೊದ್ಲು ನಮ್ಮ ಪೇಟೆಯ ಒಂದು ಮೆಡಿಕಲ್ಲಲ್ಲಿ ಚೀಟಿ ಇಲ್ದೆ ನಿದ್ದೆ ಮಾತ್ರೆ ಕೊಡ್ತಿದ್ರು, ಇವ್ರು ಅದನ್ನ ಕುಡಿದ ಮೇಲೆ ನುಂಗೋದು ಅಭ್ಯಾಸ ಮಾಡ್ಕೊಂಡಿದ್ರು. ಡಾಕ್ಟರ್ ಕೇಳಿ ಪೆನ್ ಕೆಳಗಿಟ್ರು. ಎರಡೂ ಸೇರಿದ್ರೆ ಉಸಿರಾಟನೇ ನಿಧಾನ ಆಗಿ ನಿದ್ದೇಲೇ ಹೋಗ್ಬಹುದು, ಅದೂ ಅಲ್ದೆ ಆ ಮಾತ್ರೆ ಈ ಕಾಯಿಲೆಗೆ ಒಳ್ಳೆದು ಮಾಡಲ್ಲ, ಚಟ ಆಗುತ್ತೆ, ಹಂಗಂತ ಒಂದೇ ಸಲ ಬಿಟ್ರೂ ಕಷ್ಟ ಅಂತ ನಿಧಾನವಾಗಿ ಇಳಿಸಿದ್ರು. ಕುಡಿತದ ಬಗ್ಗೆನೂ ಉಪದೇಶ ಮಾಡ್ಲಿಲ್ಲ, ಕುಡಿದ್ರೆ ಬೇಗ ಕಣ್ಣು ಮುಚ್ಚುತ್ತೆ ನಿಜ, ಬೆಳಗಿನ ಜಾವ ನಿದ್ದೆ ಚೂರು ಚೂರಾಗುತ್ತೆ, ಕನಸು ಆಗ್ಲೇ ಬರೋದು ಅಂದ್ರು. ಇವ್ರು ಅದನ್ನ ಕೇಳಿ ತಲೆ ಅಲ್ಲಾಡ್ಸಿದ್ರು, ನಾನು ಇಷ್ಟು ವರ್ಷ ಬೈದಿದ್ದಕ್ಕೆ ಒಂದಿನನೂ ಅಲ್ಲಾಡ್ಸಿದ್ದಿಲ್ಲ.

ಈಗ ಇರೋದು ಸರ್ಟ್ರಲೀನ್ ಅನ್ನೋ ಮಾತ್ರೆ. ಅದು ಕೆಲಸ ಶುರು ಮಾಡೋಕೆ ವಾರಗಟ್ಲೆ ಬೇಕು, ಮೊದ್ಲ ವಾರ ಹೊಟ್ಟೆ ತೊಳೆಸುತ್ತೆ, ಹುಷಾರಾಯ್ತು ಅಂತ ನಾವೇ ನಿಲ್ಲಿಸೋ ಹಂಗಿಲ್ಲ, ಶುರುವಿನ ದಿನಗಳಲ್ಲಿ ಅದ್ರಲ್ಲೂ ಚಿಕ್ಕ ವಯಸ್ಸಿನೋರಾದ್ರೆ ಮನಸ್ಸು ಇನ್ನೂ ಕದಡಿದ ಹಂಗೆ ಕಂಡ್ರೆ ತಕ್ಷಣ ಹೇಳ್ಬೇಕು ಅಂತ ಹೇಳಿ ಕಳ್ಸಿದ್ರು. ಕನಸಿಗೆ ಅಂತ ರಾತ್ರಿ ಪ್ರಾಜೋಸಿನ್ ಕೊಟ್ಟಿದ್ರು, ಅದು ಮೂಲತಃ ಬಿಪಿ ಮಾತ್ರೆ, ಎಲ್ರಿಗೂ ಕೆಲಸ ಮಾಡಲ್ಲ ಅಂತ ಡಾಕ್ಟರೇ ಹೇಳಿದ್ರು. ಮೊದ್ಲ ದಿನಗಳಲ್ಲಿ ಮಲಗಿದ್ದೋರು ಸಡನ್ನಾಗಿ ಎದ್ರೆ ಬಿಪಿ ಇಳಿದು ತಲೆ ತಿರುಗುತ್ತಂತೆ. ಬಚ್ಚಲು ಒಳಗಾ ಹೊರಗಾ ಅಂತ ಮೇಡಂ ಎಂತಕ್ಕೆ ಕೇಳಿದ್ರು ಅಂತ ನಂಗೆ ಆಗ ಹೊಳೀತು, ನಮ್ಮದು ಹೊರಗೆ, ಮಳೆಗಾಲದಲ್ಲಿ ಕಲ್ಲಿನ ಮೆಟ್ಲು ಪಾಚಿ ಹಿಡಿದಿರುತ್ತೆ, ನಡುರಾತ್ರಿ ತಲೆ ತಿರುಗಿ ಬಿದ್ರೆ ಗತಿ ಎಂತ. ಹಾಸಿಗೆ ಮೇಲೆ ಸ್ವಲ್ಪ ಹೊತ್ತು ಕೂತು ಆಮೇಲೆ ನಿಲ್ಲೋದು, ಆ ದಿನಗಳಿಗೆ ರೂಮಲ್ಲೇ ಒಂದು ಬಕೆಟ್. ಹೇಳೋಕೆ ಚೆನ್ನಾಗಿಲ್ಲ, ಆದ್ರೆ ಇಂಥದ್ದೇ ನೋಡಿ ಉಪಯೋಗಕ್ಕೆ ಬರೋದು.

ದೇಹದ ಚೆಕಪ್ಪೂ ಮಾಡಿಸ್ತಾರೆ, ಅದು ನಂಗೆ ಇಷ್ಟ ಆಯ್ತು. ಎದೆ ನೋವು ಅಂತ ಇವ್ರು ಎರಡು ಕಡೆ ಇಸಿಜಿ ಮಾಡ್ಸಿ ಏನೂ ಇಲ್ಲ ಅನ್ನಿಸ್ಕೊಂಡು ಬಂದಿದ್ರು. ಏನೂ ಇಲ್ಲ ಅಂತ ಬಿಟ್ಟುಬಿಡೋ ವಿಷಯ ಅಲ್ಲ, ವರ್ಷಗಟ್ಲೆ ಮೈ ಹಿಂಗೇ ಎಚ್ಚರದಲ್ಲೇ ಇದ್ರೆ ಹೃದಯದ ಕಾಯಿಲೆ ಸಾಧ್ಯತೆ ಹೆಚ್ಚಾಗುತ್ತೆ ಅಂತ ಹೇಳಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ಎಲ್ಲಾ ನೋಡಿದ್ರು. ಆಮೇಲೆ ಕವಳದ ಲೆಕ್ಕ ಕೇಳಿದ್ರು. ಆ ಘಟನೆ ಆದ್ಮೇಲೆ ಎಲೆಅಡಿಕೆ ಹೊಗೆಸೊಪ್ಪು ಮೂರು ಪಟ್ಟಾಗಿತ್ತು, ಅದನ್ನ ಇಳಿಸಿ ಅಂದ್ರು. ಡಬ್ಲ್ಯುಎಚ್‌ಒ ಕ್ಯಾನ್ಸರ್ ಸಂಸ್ಥೆಯೋರು ಅಡಿಕೆನ ಕ್ಯಾನ್ಸರ್ ತರೋ ಪಟ್ಟಿಗೆ ಸೇರ್ಸಿರೋದು ಗೊತ್ತಿದ್ದೂ ತೀರ್ಥಹಳ್ಳಿ ತೋಟದೋರ ಎದುರಿಗೆ ಅಡಿಕೆ ಬಿಡಿ ಅನ್ನೋಕೆ ಧೈರ್ಯ ಬೇಕು, ಇವ್ರಿಗೆ ಇತ್ತು.

ಮನೆ ಭದ್ರ ಆಗಿ, ನಿದ್ದೆ ಸ್ವಲ್ಪ ಹಿಡಿದ ಮೇಲೇ ಆ ದಿನದ ಮಾತು ತೆಗೆದಿದ್ದು. ಸ್ವಲ್ಪ ಸ್ವಲ್ಪವಾಗಿ ಹೇಳಿಸೋದು, ಮೊಬೈಲಲ್ಲಿ ರೆಕಾರ್ಡ್ ಮಾಡಿ ಮನೇಲಿ ಕೇಳಿಸೋದು, ಆಮೇಲೆ ತೋಟದ ಗೇಟಿನವರೆಗೆ ಹೋಗೋದು, ಮುಂದಿನ ವಾರ ಕಾಲುಸಂಕ ದಾಟೋದು ಹಿಂಗೆ. ಈ ಥರದ ಥೆರಪಿ ಸಾಮಾನ್ಯವಾಗಿ 8ರಿಂದ 15 ಸೆಷನ್ ಹಿಡಿಯುತ್ತಂತೆ. ನಡುವೆ ಒಂದಷ್ಟು ದಿನ ಮೊದ್ಲಿಗಿಂತ ಕೆಟ್ಟದಾಗಿರುತ್ತೆ, ಅದನ್ನ ಮೇಡಂ ಮೊದ್ಲೇ ಎಚ್ಚರಿಸಿದ್ರು, ಇಲ್ದಿದ್ರೆ ನಾನು ಅಲ್ಲಿಗೇ ನಿಲ್ಲಿಸ್ತಿದ್ದೆ. ಚಿಕಿತ್ಸೆ ಇಲ್ದೆನೂ ಕೆಲವ್ರಿಗೆ ಹುಷಾರಾಗಲ್ವಾ ಅಂತ ಅತ್ತೆ ಕೇಳಿಸಿದ್ರು ನನ್ನ ಕೈಲಿ, ಡಬ್ಲ್ಯುಎಚ್‌ಒ ಲೆಕ್ಕದ ಪ್ರಕಾರ 40%ವರೆಗೆ ಜನ ಒಂದು ವರ್ಷದೊಳಗೆ ಸುಧಾರಿಸ್ತಾರೆ, ಆದ್ರೆ ನಿಮ್ಮೋರು ಆ ಗುಂಪಲ್ಲಿ ಇದಾರಾ ಅಂತ ಕಾದು ನೋಡೋವಷ್ಟು ಟೈಮ್ ಇಲ್ಲ ಅಂದ್ರು. ಈಗ ಇವ್ರು ತೋಟಕ್ಕೆ ಹೋಗ್ತಾರೆ, ಆ ಮೂಲೆಗೂ ಹೋಗ್ತಾರೆ, ಕೊಯ್ಲಿನ ದಿನ ಮಾತ್ರ ಇನ್ನೂ ಆಗಿಲ್ಲ.

ಇನ್ನು ಬೈಯೋದು. ವೆಯ್ಟಿಂಗ್ ಹಾಲ್ ಯಾರು ಪ್ಲಾನ್ ಮಾಡಿದ್ರೋ ದೇವರಿಗೇ ಗೊತ್ತು. ಬರೋರಲ್ಲಿ ಅರ್ಧ ಜನ ಸದ್ದಿಗೆ ಬೆಚ್ಚಿ ಬೀಳೋರು, ಅಲ್ಲಿ ಗೋಡೆ ಮೇಲೆ ಟಿವಿ, ಟಿವಿಲಿ ನ್ಯೂಸ್ ಚಾನೆಲ್, ಎಲ್ಲೋ ಆಕ್ಸಿಡೆಂಟ್ ಆಗಿದ್ದನ್ನ ಮೂವತ್ತು ಸಲ ಕೆಂಪು ಗೆರೆ ಹಾಕಿ ತೋರಿಸ್ತಾರೆ. ಕರೆಂಟ್ ಹೋದ್ರೆ ಯುಪಿಎಸ್ ಕೀಂ ಕೀಂ, ಬಂದ್ರೆ ಮೂಲೆಲಿರೋ ಸ್ಟೆಬಿಲೈಸರ್ ಟಕ್ ಅಂತ ಹೊಡೆಯುತ್ತೆ, ನಮ್ಮನೆಯವ್ರಿಗೆ ಆ ಟಕ್ ಸಾಕು, ಒಂದಿನ ಸೀದಾ ಮೆಟ್ಲು ಇಳಿದು ರೋಡಿಗೆ ಹೋಗಿ ನಿಂತಿದ್ರು, ಎದುರಿಗೆ ಬಸ್ಸು, ನಾನು ಹಿಂದೆ ಓಡಿ ಅಂಗಿ ಹಿಡ್ಕೊಂಡೆ. ಕುರ್ಚಿಗಳೂ ಬಾಗ್ಲಿಗೆ ಬೆನ್ನು ಮಾಡಿ ಇಟ್ಟಿದಾರೆ, ಇಂಥೋರು ಬೆನ್ನು ಹಿಂದೆ ಯಾರು ಬರ್ತಾರೆ ಅಂತ ಕಾಣದ ಕಡೆ ಕೂರೋದೇ ಇಲ್ಲ, ಎಲ್ರೂ ಗೋಡೆ ಹತ್ರ ನಿಂತಿರ್ತಾರೆ. ಅದಕ್ಕೆ ಸರಿಯಾಗಿ ರಿಸೆಪ್ಷನ್ ಹುಡುಗ ಹೆಸರು, ಊರು, ಎಂತಕ್ಕೆ ಬಂದಿದ್ದು ಎಲ್ಲಾ ಸೇರ್ಸಿ ಕೂಗ್ತಾನೆ. ತೀರ್ಥಹಳ್ಳಿ ಎಷ್ಟು ದೊಡ್ಡ ಊರು ಹೇಳಿ, ಅಲ್ಲಿ ಕೂತೋರಲ್ಲಿ ಒಬ್ರಾದ್ರೂ ನೆಂಟರ ನೆಂಟರು ಇರ್ತಾರೆ. ಮೇಡಂಗೆ ಹೇಳಿದ್ವಿ, ಟಿವಿ ಸೌಂಡ್ ಕಮ್ಮಿ ಆಯ್ತು, ಕೂಗೋದು ನಿಂತಿಲ್ಲ. ನಾವೀಗ ಕೆಳಗೆ ಟೀ ಅಂಗಡಿಲಿ ಕೂತು, ನಂಬರ್ ಬಂದಾಗ ಮಿಸ್ಡ್ ಕಾಲ್ ಕೊಡಿ ಅಂತ ಹೇಳಿ ಬರ್ತೀವಿ. ನೀವೂ ಹಂಗೇ ಮಾಡಿ.

ಫೀಸ್ ಕಮ್ಮಿ ಅಲ್ಲ. ಸೆಷನ್ನಿಗೊಂದು, ಡಾಕ್ಟರಿಗೆ ಬೇರೆ, ಮಾತ್ರೆ ಬೇರೆ. 2017ರ ಮೆಂಟಲ್ ಹೆಲ್ತ್‌ಕೇರ್ ಕಾಯ್ದೆ ಪ್ರಕಾರ ಇನ್ಶೂರೆನ್ಸ್ ಕಂಪನಿಗಳು ಬೇರೆ ಕಾಯಿಲೆಗೆ ಹೆಂಗೋ ಮನಸ್ಸಿನ ಕಾಯಿಲೆಗೂ ಹಂಗೇ ಕವರ್ ಕೊಡ್ಬೇಕು, ಆದ್ರೆ ಅಡ್ಮಿಟ್ ಆಗದೆ ಬಂದು ಹೋಗೋದಕ್ಕೆ ದುಡ್ಡು ಸಿಗುತ್ತಾ ಇಲ್ವಾ ಅನ್ನೋದು ನಿಮ್ಮ ಪಾಲಿಸಿ ಓದಿದ್ರೆ ಮಾತ್ರ ಗೊತ್ತಾಗೋದು, ನಮ್ಮದ್ರಲ್ಲಿ ಇರ್ಲಿಲ್ಲ. ಅಷ್ಟು ದುಡ್ಡು ಕೈಲಾಗಲ್ಲ ಅನ್ನೋರು ಮೆಗ್ಗಾನ್ ಆಸ್ಪತ್ರೆ ಸೈಕಿಯಾಟ್ರಿ ಓಪಿಡಿಗೆ ಹೋಗ್ಬಹುದು, ಸರ್ಕಾರದ್ದು. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ಮನೋಚೈತನ್ಯ ಅಂತ ಕಾರ್ಯಕ್ರಮನೂ ಇದೆ, ಹೋಗೋ ಮೊದ್ಲು ಆಸ್ಪತ್ರೆಗೆ ಫೋನ್ ಮಾಡಿ ಕೇಳ್ಕೊಳಿ. ಮನೋವೈದ್ಯ ಡಾ. ಅಶೋಕ್ ಪೈ ಅವ್ರಂಥೋರು ಇದ್ದ ಊರು ಶಿವಮೊಗ್ಗ, ಸೈಕಿಯಾಟ್ರಿಸ್ಟ್ ಹತ್ರ ಹೋಗೋದು ಅಂದ್ರೆ ಇಲ್ಲಿನೋರಿಗೆ ಹೊಸದೇನಲ್ಲ, ತೀರ್ಥಹಳ್ಳಿಲೂ 2005ರಿಂದ ನಿಮ್ಹಾನ್ಸ್‌ನೋರು ಬಂದು ಸ್ಕಿಜೋಫ್ರೇನಿಯಾ ಇದ್ದೋರ ಮನೆ ಮನೆಗೆ ಓಡಾಡಿ ಕೆಲಸ ಮಾಡಿದಾರೆ. ಆದ್ರೂ ಗಂಡಸ್ರು ಮಾತ್ರ ಎದೆ ನೋವು ಅಂತನೇ ಹೊರಡ್ತಾರೆ.

ಹೋಗೋರಿಗೆ: ಮನೇಲಿರೋ ಎಲ್ಲಾ ಮಾತ್ರೆ, ನಾಟಿ ಔಷಧಿ ಸೇರ್ಸಿ, ಒಂದು ಕವರಲ್ಲಿ ಹಾಕಿ ತಗೊಂಡು ಹೋಗಿ, ಡಾಕ್ಟರ್ ಒಂದೊಂದೂ ನೋಡ್ತಾರೆ. ಜೊತೆಗೆ ಮನೆಯವ್ರು ಒಬ್ರು ಇರ್ಲೇಬೇಕು, ಸೆಷನ್ ಆದ ದಿನ ಇವ್ರು ಗಾಡಿ ಓಡ್ಸೋ ಸ್ಥಿತಿಲಿ ಇರಲ್ಲ. ಸಾಯಂಕಾಲದ ಸ್ಲಾಟ್ ಕೊಟ್ರೆ ಬೇಡ ಅನ್ನಿ, ಲೇಟಾಗೇ ಆಗುತ್ತೆ, ಮಂಡಗದ್ದೆ ದಾಟೋವಾಗ ಕತ್ತಲೆ. ಅಪಾಯ ಅನ್ಸೋ ಪರಿಸ್ಥಿತಿ ಇದ್ರೆ ಸ್ಲಾಟ್‌ಗೆ ಕಾಯ್ಬೇಡಿ, ಸೀದಾ ಮೆಗ್ಗಾನ್ ಎಮರ್ಜೆನ್ಸಿಗೆ ಹೋಗಿ ಇಲ್ಲಾ 112ಕ್ಕೆ ಫೋನ್ ಮಾಡಿ, ಕ್ಲಿನಿಕ್ಕಿನೋರೇ ಹಂಗೆ ಬೋರ್ಡ್ ಹಾಕಿದಾರೆ. ಭಾನುವಾರ ರಜೆ. ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡಿದ್ರೆ ಎತ್ತೋದೇ ಇಲ್ಲ, ವಾಟ್ಸಾಪ್ ಮಾಡಿ, ಅದಕ್ಕೆ ಅವತ್ತೇ ರಿಪ್ಲೈ ಬರುತ್ತೆ.